ಓಟದ ಕುದುರೆ ಸಂಸಾರದ ಗಾಡಿಗೆ ಒಗ್ಗೀತೆ?

ಹಳೆಯ ಜಪಾನೀ ಚುರುಕು ಕಾರನ್ನು ದಿನನಿತ್ಯದ ಬಳಕೆಗೆ ಕೊಳ್ಳಬಯಸುವವರು ತಿಳಿದಿರಬೇಕಾದ ಸಂಗತಿಗಳು

ಮನೆಗೊಂದು ಕಾರು ಬೇಕೆಂಬ ಮಾತು ಎದ್ದ ದಿನವೇ ಮಧ್ಯಮ ವರ್ಗದ ಸಂಸಾರದಲ್ಲಿ ಮೂರು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ತಂದೆಯದು ಮಿತವ್ಯಯದ ಪಕ್ಷ. ಲೀಟರು ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಓಡುತ್ತದೆಂಬುದೊಂದೇ ಅವರ ಪ್ರಶ್ನೆ. ತಾಯಿಯದು ಅನುಕೂಲದ ಪಕ್ಷ. ಮೊಣಕಾಲು ನೋವಿನ ಅಜ್ಜಿ ಹತ್ತಿ ಇಳಿಯಬಲ್ಲರೇ, ಊರಿನಿಂದ ತರುವ ತೆಂಗಿನಕಾಯಿಯ ಮೂಟೆಗೆ ಹಿಂದೆ ಜಾಗವಿದೆಯೇ ಎಂಬುದು ಅವರ ಚಿಂತೆ. ಮಗನದು ಮೂರನೆಯ ಪಕ್ಷ. ಕಾರೆಂದರೆ ಬರಿಯ ಸಾಗಣೆಯ ಸಾಧನವಲ್ಲ, ಅದನ್ನು ಓಡಿಸುವುದರಲ್ಲಿಯೂ ಒಂದು ಸುಖವಿರಬೇಕೆಂಬುದು ಅವನ ವಾದ. ಹೊಸದಾಗಿ ಅಂತಹ ಕಾರನ್ನು ಕೊಳ್ಳುವಷ್ಟು ಹಣ ಮನೆಯಲ್ಲಿಲ್ಲವೆಂಬುದು ಅವನಿಗೂ ಗೊತ್ತು. ಆದುದರಿಂದ ಅವನ ಕಣ್ಣು ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನ ಜಪಾನೀ ಕಾರುಗಳತ್ತ ಹೊರಳುತ್ತದೆ. ಬೆಲೆ ಕಡಿಮೆ, ಮೈ ಹಗುರ, ಎಂಜಿನು ಚುರುಕು. ಇದಕ್ಕಿಂತ ಇನ್ನೇನು ಬೇಕೆಂದು ಅವನು ಕೇಳುತ್ತಾನೆ.

ಮಗನ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ತಿರುಳಿಲ್ಲದೆ ಇಲ್ಲ. ಉದಾಹರಣೆಗೆ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ತೆಂಗಿನ ತೋಟವನ್ನೂ ವಯಸ್ಸಾದ ತಾಯಿತಂದೆಯರನ್ನೂ ಉಳ್ಳ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನೊಳಗೇ ಇನ್ನೊಂದು ಶ್ರೀರಾಂಪುರವಿದೆ. ಅಲ್ಲಿಗಾದರೆ ನಗರದ ಬಸ್ಸೇ ಸಾಕು. ಇದು ಹುಳಿಯಾರಿನಾಚೆಯ ಶ್ರೀರಾಂಪುರ. ವಾರವಿಡೀ ಕಚೇರಿಗೆ ಹೋಗಿಬರಲು, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿಬರಲು ಈ ಸಂಸಾರಕ್ಕೆ ಒಂದು ಕಾರು ಬೇಕು. ಹಳೆಯ ಜಪಾನೀ ಚುರುಕು ಕಾರು ಇವರಿಗೆ ಒದಗೀತೆ? ಉತ್ತರ ಕಾಣಬೇಕಾದರೆ ಆ ಜಾತಿಯ ಕಾರು ಯಾವುದು, ಅದು ನಮ್ಮಲ್ಲಿಗೆ ಹೇಗೆ ಬಂದಿತು, ಈಗ ಅದರ ವಯಸ್ಸು ಏನನ್ನು ಬೇಡುತ್ತದೆ ಎಂಬುದನ್ನು ತಿಳಿಯಬೇಕು.

ಎರಡು ಬಾಗಿಲಿನ ಕಥೆ

ಎರಡೇ ಬಾಗಿಲುಗಳಿರುವ, ಹಿಂಭಾಗ ಇಳಿಜಾರಾಗಿರುವ, ಮುಂದಿನ ಇಬ್ಬರಿಗಾಗಿಯೇ ರೂಪಿಸಿದ ಕಾರಿಗೆ ಪಶ್ಚಿಮದವರು ಕೂಪೆ ಎನ್ನುತ್ತಾರೆ. ಫ್ರೆಂಚ್ ಭಾಷೆಯ ಈ ಮಾತಿಗೆ ಕತ್ತರಿಸಿದ್ದು ಎಂದರ್ಥ. ಕುದುರೆ ಸಾರೋಟಿನ ಕಾಲದಲ್ಲಿ ದೊಡ್ಡ ಗಾಡಿಯ ಅರ್ಧವನ್ನು ಕತ್ತರಿಸಿ ತೆಗೆದಂತಿದ್ದ ಚಿಕ್ಕ ಗಾಡಿಗೆ ಈ ಹೆಸರು ಸಂದಿತು. ಅನಂತರ ಅದೇ ಹೆಸರು ಮೋಟಾರಿಗೂ ಅಂಟಿಕೊಂಡಿತು.

ಈ ಕತ್ತರಿಸಿದ ಗಾಡಿಗೂ ಭಾರತದ ಅವಿಭಕ್ತ ಕುಟುಂಬಕ್ಕೂ ಎಂದೂ ಕೂಡಿಬರಲಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಈ ಭಾರತೀಯ ಅವತಾರಕ್ಕೆ ಮೊದಲು ಇದ್ದದ್ದು ಎರಡೇ ಬಾಗಿಲು. ನೋಡಲು ಸೊಗಸು, ತಿರುಗಿಸಲು ಸುಲಭ. ಆದರೆ ಸೀರೆಯುಟ್ಟ ಹಿರಿಯರು ಮುಂದಿನ ಆಸನವನ್ನು ಬಾಗಿಸಿ, ತಾವೂ ಬಾಗಿ, ಹಿಂದಿನ ಆಸನಕ್ಕೆ ನುಸುಳುವುದೆಂದರೇನು? ಕೊನೆಗೆ 1960ರ ದಶಕದ ಉತ್ತರಾರ್ಧದಲ್ಲಿ ಮದರಾಸಿನ ಕಾರ್ಖಾನೆಯೇ ನಾಲ್ಕು ಬಾಗಿಲಿನ ಹೆರಾಲ್ಡನ್ನು ತಾನಾಗಿ ರೂಪಿಸಿ ಹೊರತರಬೇಕಾಯಿತು. ಅಂತಹ ನಾಲ್ಕು ಬಾಗಿಲಿನ ಕಾರು ಅದರ ತಾಯ್ನಾಡಾದ ಇಂಗ್ಲೆಂಡಿನಲ್ಲಿಯೂ ತಯಾರಾಗಿರಲಿಲ್ಲ. ನಮ್ಮ ಅಜ್ಜಿಯರ ಮೊಣಕಾಲು ಒಂದು ವಿದೇಶೀ ಕಾರಿನ ನಕ್ಷೆಯನ್ನೇ ತಿದ್ದಿತು!

ಕರ್ನಾಟಕವೂ ಈ ದಿಸೆಯಲ್ಲಿ ಒಂದು ಪ್ರಯತ್ನ ನಡೆಸಿದ್ದುಂಟು. ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ಡಾಲ್ಫಿನ್ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಹೊರತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿ.ಸಿ. ಎಂಜಿನು, ಗಾಜುನಾರಿನ ಮೈ. ಮೈ ಹಗುರವಾಗಿದ್ದುದರಿಂದ ಮೋಟಾರು ಸ್ಪರ್ಧೆಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಜಪಾನಿನ ಸುಜುಕಿಯ ಕೈಚಳಕ, ನಾಲ್ಕು ಬಾಗಿಲು, ನಂಬಿಕೆಗೆ ಅರ್ಹವಾದ ಎಂಜಿನು ಇವುಗಳ ಎದುರು ಡಾಲ್ಫಿನ್ ನಿಲ್ಲಲಾಗಲಿಲ್ಲ. ಮುಂದೆ 2003ರಲ್ಲಿ ಮಾರುತಿಯವರೇ ತಮ್ಮ ಝೆನ್ ಕಾರಿನ ಹಿಂದಿನ ಬಾಗಿಲುಗಳೆರಡನ್ನು ತೆಗೆದು ಝೆನ್ ಕಾರ್ಬನ್, ಝೆನ್ ಸ್ಟೀಲ್ ಎಂಬ ಎರಡು ಬಗೆಗಳನ್ನು ಹೊರಡಿಸಿದರು. ಅವು ಕೆಲವೇ ನೂರು. ಇಂದು ಅವು ಸಂಗ್ರಾಹಕರ ಮನೆಯ ವಸ್ತುಗಳು. ದಿನಬಳಕೆಗೆ ಹುಡುಕಿಕೊಂಡು ಹೋಗುವಂಥವಲ್ಲ.

ಜಪಾನಿನ ಹಗುರ ಮೈಯ ಓಟಗಾರರು

ಜಪಾನಿನಲ್ಲಿ ಕಥೆ ಬೇರೆಯಾಯಿತು. ಚಿಕ್ಕ ಕುಟುಂಬ, ಇಕ್ಕಟ್ಟಿನ ಬೀದಿ, ಒಳ್ಳೆಯ ರಸ್ತೆ ಇವುಗಳ ನಡುವೆ 1980ರ ದಶಕದಲ್ಲಿ ಅಲ್ಲಿಯ ಕಾರ್ಖಾನೆಗಳು ಸಾಮಾನ್ಯ ನೌಕರನೂ ಕೊಳ್ಳಬಹುದಾದ ಓಟದ ಕಾರುಗಳನ್ನು ತಯಾರಿಸತೊಡಗಿದವು. ಇವು ಶ್ರೀಮಂತರ ವಿಲಾಸದ ವಾಹನಗಳಲ್ಲ. ಕಚೇರಿಗೆ ಹೋಗುವ ಸಾಧಾರಣ ಕಾರಿನ ಅಡಿಗಟ್ಟನ್ನೇ ತೆಗೆದುಕೊಂಡು, ಭಾರವನ್ನು ಇಳಿಸಿ, ಎಂಜಿನಿನ ಉಸಿರನ್ನು ಹಿಗ್ಗಿಸಿ ಮಾಡಿದಂಥವು. 1983ರಿಂದ 1987ರವರೆಗೆ ಬಂದ ಟೊಯೊಟಾ ಕರೋಲಾದ ಎ.ಇ. 86 ಮಾದರಿ, 1983ರ ಹೋಂಡಾ ಸಿ.ಆರ್.ಎಕ್ಸ್., 1985ರ ಇಂಟೆಗ್ರಾ ಇವು ಈ ವಂಶದ ಹಿರಿಯರು.

ಎ.ಇ. 86 ಕಾರಿನ ಕೀರ್ತಿಗೆ ಒಂದು ಚಿತ್ರಕಥೆಯೂ ಕಾರಣ. 1995ರಲ್ಲಿ ಆರಂಭವಾದ ಇನಿಶಿಯಲ್ ಡಿ ಎಂಬ ಧಾರಾವಾಹಿ ಚಿತ್ರಕಥೆಯ ನಾಯಕ ರಾಜಕುಮಾರನಲ್ಲ; ಸೋಯಾ ಅವರೆಯ ಗಿಣ್ಣು ಮಾರುವ ಅಂಗಡಿಯವನ ಮಗ. ಬೆಳಗಿನ ಜಾವ ತಂದೆಯ ಹಳೆಯ ಕಾರಿನಲ್ಲಿ ಸರಕನ್ನು ಬೆಟ್ಟದ ದಾರಿಯಲ್ಲಿ ಸಾಗಿಸುತ್ತ ಸಾಗಿಸುತ್ತ ಅವನು ಚಾಲನೆಯ ಪಟುವಾಗುತ್ತಾನೆ. ಈ ಜಾತಿಯ ಕಾರಿನ ಗುಣವೇ ಅದು. ಹಗಲಿಗೆ ಸರಕು ಹೊರುವ ಎತ್ತು, ಬಿಡುವಿನಲ್ಲಿ ಓಟದ ಕುದುರೆ.

ಅಮೆರಿಕದಲ್ಲಿಯೂ ಇವು ಬಹುಬೇಗ ಬೇರೂರಿದವು. ಇಂಟೆಗ್ರಾ ಅಲ್ಲಿ 1986ರಿಂದ ಅಕ್ಯೂರಾ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಉನ್ನತ ವ್ಯಾಸಂಗಕ್ಕೆಂದು ಹೋದ ನಮ್ಮ ಕನ್ನಡದ ಹುಡುಗರಲ್ಲಿಯೂ ಎಷ್ಟೋ ಮಂದಿಯ ಮೊದಲ ಕಾರು ಎರಡನೆಯ ಅಥವಾ ಮೂರನೆಯ ಕೈ ದಾಟಿಬಂದ ಹೋಂಡಾ ಇಲ್ಲವೇ ಟೊಯೊಟಾ ಆಗಿರುತ್ತಿತ್ತು. ಕೈಯಲ್ಲಿ ಹಣ ಕಡಿಮೆ, ಚಳಿಗಾಲದ ಬೆಳಿಗ್ಗೆ ತಪ್ಪದೆ ಚಾಲೂ ಆಗಬೇಕು, ಕೆಟ್ಟರೆ ಬಿಡಿಭಾಗ ಎಲ್ಲಿಯಾದರೂ ದೊರೆಯಬೇಕು. ಈ ಮೂರು ಷರತ್ತುಗಳಿಗೂ ಜಪಾನೀ ಕಾರು ಉತ್ತರವಾಯಿತು. ಇಂಟೆಗ್ರಾ, ಸಿವಿಕ್ ಕಾರುಗಳು ಅಲ್ಲಿಯ ಕಳ್ಳರಿಗೂ ಅಚ್ಚುಮೆಚ್ಚಾದವು. ಇಪ್ಪತ್ತೈದು ವರ್ಷ ತುಂಬಿದ ವಿದೇಶೀ ಕಾರನ್ನು ಸುರಕ್ಷತೆಯ ನಿಯಮಗಳ ತೊಡಕಿಲ್ಲದೆ ಆಮದು ಮಾಡಿಕೊಳ್ಳಲು ಆ ದೇಶದ ಕಾನೂನು ಅವಕಾಶ ನೀಡುತ್ತದೆ. ಆದ್ದರಿಂದ ಜಪಾನಿನಲ್ಲಿ ಉಳಿದಿದ್ದ ಒಳ್ಳೆಯ ಹಳೆಯ ಕಾರುಗಳೂ ಅಲ್ಲಿಗೆ ಹರಿದುಹೋಗಿ, ಒಂದು ಕಾಲದ ಬಡವರ ಓಟಗಾರನ ಬೆಲೆ ಇಂದು ಉಳ್ಳವರ ಮಟ್ಟಕ್ಕೇರಿದೆ.

ಹಾಗಾದರೆ ನಾವೂ ಜಪಾನಿನಿಂದ ಒಂದನ್ನು ತರಿಸಿಕೊಳ್ಳಬಾರದೆ ಎಂದು ಓದುಗರು ಕೇಳಬಹುದು. ಆಗದು. ಬಳಸಿದ ಕಾರನ್ನು ಸಾಮಾನ್ಯ ಬಳಕೆಗೆಂದು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದೆಂದು ನಮ್ಮ ಆಮದು ನಿಯಮ ವಿಧಿಸುತ್ತದೆ. ಅದರ ಮೇಲೆ ಸುಂಕವೋ, ಕಾರಿನ ಬೆಲೆಯನ್ನೇ ಮೀರಿಸುವಂಥದು. ಹೀಗಾಗಿ ಇಂಟೆಗ್ರಾ ನಮ್ಮ ಹುಡುಗರ ಪಾಲಿಗೆ ಚಿತ್ರದಲ್ಲಿ ಕಾಣುವ ಹಣ್ಣು. ಆದರೆ ಅದರ ಹತ್ತಿರದ ನೆಂಟನೊಬ್ಬ ನಮ್ಮ ನೆಲದಲ್ಲಿಯೇ ಹುಟ್ಟಿ ಬೆಳೆದಿದ್ದಾನೆ.

ನಾಲ್ಕು ಸಿ.ಸಿ. ವ್ಯತ್ಯಾಸ

ಜಪಾನಿನ ಹೋಂಡಾ ಸಂಸ್ಥೆ ಭಾರತದ ಸೀಲ್ ಸಂಸ್ಥೆಯೊಡನೆ 1995ರಲ್ಲಿ ಪಾಲುದಾರಿಕೆ ಮಾಡಿಕೊಂಡಿತು. ಸೀಲ್ ಎಂಬುದು ಶ್ರೀರಾಂ ಇಂಡಸ್ಟ್ರಿಯಲ್ ಎಂಟರ್‌ಪ್ರೈಸಸ್ ಎಂಬ ಹೆಸರಿನ ಮೊದಲಕ್ಷರಗಳ ಕೂಟ. ಹೀಗೆ ಆ ಕಾರಿನ ಹುಟ್ಟಿನಲ್ಲಿಯೇ ಒಂದು ಶ್ರೀರಾಮನಾಮ ಸೇರಿಕೊಂಡಿತೆಂದು ಶ್ರೀರಾಂಪುರದವರು ಬೇಕಾದರೆ ಸಂತೋಷಪಡಬಹುದು. 1998ರ ಆರಂಭದಲ್ಲಿ ಹೋಂಡಾ ಸಿಟಿ ನಮ್ಮ ರಸ್ತೆಗಿಳಿಯಿತು. 2000ದಲ್ಲಿ ಅದರ ವಿ-ಟೆಕ್ ಮಾದರಿ ಬಂದಿತು.

ಸಿಟಿಗೆ ಬಾಗಿಲು ನಾಲ್ಕು. ಸಾಮಾನಿಗೆ ಪ್ರತ್ಯೇಕ ಡಿಕ್ಕಿ. ಆದುದರಿಂದ ಅದು ಕೂಪೆಯಲ್ಲ. ಆದರೆ ಬಾಗಿಲುಗಳ ಲೆಕ್ಕ ಬಿಟ್ಟರೆ ಅದರ ರಕ್ತ ಆ ವಂಶದ್ದೇ. ಅಡಿಗಟ್ಟು ಹಳೆಯ ಸಿವಿಕ್ ಕಾರಿನಿಂದ ಬಂದದ್ದು, ಮೈ ತಗ್ಗು, ತೂಕ ಒಂದು ಟನ್ನಿನ ಆಸುಪಾಸು. ಅಂಕಿಗಳಲ್ಲಿ ಹೇಳುವುದಾದರೆ, ನಮ್ಮ ಹಿರಿಯರ ಅಂಬಾಸಡರ್ ಕಾರಿನ ಪೆಟ್ರೋಲು ಎಂಜಿನು 1489 ಸಿ.ಸಿ.; ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ಸಿಟಿ ವಿ-ಟೆಕ್ ಎಂಜಿನು 1493 ಸಿ.ಸಿ.; ಅದರ ಶಕ್ತಿ 106. ಗಾತ್ರದಲ್ಲಿ ವ್ಯತ್ಯಾಸ ನಾಲ್ಕೇ ಸಿ.ಸಿ., ಶಕ್ತಿಯಲ್ಲಿ ಎರಡರಷ್ಟು!

ಈ ಚಮತ್ಕಾರದ ಗುಟ್ಟು ಉಸಿರಾಟದಲ್ಲಿದೆ. ಎಂಜಿನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಬಿಡುವ, ಸುಟ್ಟ ಹೊಗೆಯನ್ನು ಹೊರಬಿಡುವ ಕವಾಟಗಳಿರುತ್ತವೆ. ತಿರುಗುವ ದಂಡವೊಂದರ ಮೇಲಿನ ಉಬ್ಬುಗಳು ಈ ಕವಾಟಗಳನ್ನು ಒತ್ತಿ ತೆರೆಯುತ್ತವೆ. ಚಿತ್ರದುರ್ಗದ ಕೋಟೆಯನ್ನು ಹತ್ತುವವನನ್ನು ನೆನೆಯಿರಿ. ಮೆಲ್ಲಗೆ ಹತ್ತುವಾಗ ಮೂಗಿನ ಉಸಿರು ಸಾಕು. ಓಡಿ ಹತ್ತಿದರೆ ಬಾಯಿ ತೆರೆಯಲೇಬೇಕು. ಸಾಧಾರಣ ಎಂಜಿನಿಗೆ ಉಬ್ಬಿನ ಆಕಾರ ಒಂದೇ ಆದ್ದರಿಂದ ಉಸಿರೂ ಒಂದೇ ಬಗೆಯದು. ಮೆಲುನಡಿಗೆಗೆ ಹೊಂದಿಸಿದರೆ ಓಟದಲ್ಲಿ ಏದುಸಿರು, ಓಟಕ್ಕೆ ಹೊಂದಿಸಿದರೆ ಮೆಲುನಡಿಗೆಯಲ್ಲಿ ಮುಗ್ಗರಿಕೆ ಮತ್ತು ಪೆಟ್ರೋಲಿನ ದುಂದು. ಹೋಂಡಾದ ತಂತ್ರಜ್ಞ ಇಕುವೊ ಕಾಜಿತಾನಿಯವರು ಒಂದೇ ದಂಡದ ಮೇಲೆ ಎರಡು ಬಗೆಯ ಉಬ್ಬುಗಳನ್ನಿಟ್ಟರು. ಎಂಜಿನಿನ ವೇಗ ಒಂದು ಮಿತಿಯನ್ನು ದಾಟಿದೊಡನೆ ಎಣ್ಣೆಯ ಒತ್ತಡದಿಂದ ಒಂದು ಪುಟ್ಟ ಗೂಟ ಸರಿದು, ದೊಡ್ಡ ಉಬ್ಬಿನ ಆಜ್ಞೆಗೆ ಕವಾಟಗಳನ್ನು ಒಪ್ಪಿಸುತ್ತದೆ. ಆಗ ಬಾಯಿ ಅಗಲವಾಗಿ ತೆರೆಯುತ್ತದೆ. ಈ ಏರ್ಪಾಡು ಮೊದಲು ಕಾಣಿಸಿಕೊಂಡದ್ದು 1989ರ ಇಂಟೆಗ್ರಾ ಕಾರಿನಲ್ಲಿ, 1.6 ಲೀಟರಿನ ಆ ಎಂಜಿನಿನಿಂದ 160 ಅಶ್ವಶಕ್ತಿ ಹೊರಟಿತು. ಸಿಟಿಯಲ್ಲಿದ್ದದ್ದು ಅದೇ ತತ್ತ್ವದ ಸರಳ ರೂಪ.

ಆ ಚುರುಕಿನ ಕಾಲ ಬಹುದಿನ ನಡೆಯಲಿಲ್ಲ. 2003ರಲ್ಲಿ ಹಳೆಯ ಸಿಟಿ ನಿಂತು ಹೊಸ ಸಿಟಿ ಬಂದಾಗ ಅದರ ಎಂಜಿನಿನ ಶಕ್ತಿ 77ಕ್ಕೆ ಇಳಿದಿತ್ತು. ಪೆಟ್ರೋಲಿನ ಉಳಿತಾಯವೇ ಹೊಸದರ ಹೆಗ್ಗಳಿಕೆಯಾಗಿತ್ತು. ತಂದೆಯರ ಪಕ್ಷ ಗೆದ್ದಿತು. ಸೋತ ಪಕ್ಷದವರು 2000ದಿಂದ 2003ರ ನಡುವಿನ ವಿ-ಟೆಕ್ ಕಾರುಗಳನ್ನು ಅಂದಿನಿಂದಲೂ ಹುಡುಕುತ್ತಲೇ ಇದ್ದಾರೆ.

ಶ್ರೀರಾಂಪುರದ ದಾರಿಯಲ್ಲಿ

ಈಗ ನಮ್ಮ ಸಂಸಾರವನ್ನು ಈ ಕಾರಿನಲ್ಲಿ ಕೂರಿಸಿ ನೋಡಬಹುದು. ಬೆಂಗಳೂರಿನ ವಾಹನಸಂದಣಿಯಲ್ಲಿ ಚಿಕ್ಕ ಮೈಯೇ ದೊಡ್ಡ ಅನುಕೂಲ. ಕಾರಿನ ನಾಲ್ಕು ಮೂಲೆಗಳೂ ಚಾಲಕನ ಕಣ್ಣಳತೆಗೆ ಸಿಗುತ್ತವೆ; ಗಾಜು ವಿಶಾಲ, ಕಂಬಗಳು ಸಣ್ಣವು. ಇಂದಿನ ಎತ್ತರದ ಭಾರೀ ಕಾರುಗಳಲ್ಲಿ ಕುಳಿತು ರೂಢಿಯಾದವರಿಗೆ ನೆಲದ ಹತ್ತಿರ ಕುಳಿತಂತೆ ಅನ್ನಿಸಬಹುದು. ಆದರೆ ಸ್ಟೀರಿಂಗನ್ನು ಎಷ್ಟು ತಿರುಗಿಸಿದರೆ ಕಾರು ಅಷ್ಟೇ ತಿರುಗುತ್ತದೆ, ಬ್ರೇಕನ್ನು ಎಷ್ಟು ಒತ್ತಿದರೆ ಅಷ್ಟೇ ನಿಲ್ಲುತ್ತದೆ. ಈ ವಿಧೇಯತೆಯೇ ಚುರುಕು ಕಾರಿನ ನಿಜವಾದ ಸುಖ. ವೇಗದ ಅಂಕಿ ಅದರ ನೆರಳು ಮಾತ್ರ.

ನೆಲಮಂಗಲ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಆ 106 ಅಶ್ವಶಕ್ತಿ ಏತಕ್ಕೆಂದು ತಿಳಿಯುತ್ತದೆ. ಸಾಲುಗಟ್ಟಿದ ಲಾರಿಗಳನ್ನು ಹಿಂದೆ ಹಾಕಲು ಎಷ್ಟು ಕಡಿಮೆ ಹೊತ್ತು ಬೇಕಾದರೆ ಅಷ್ಟು ಅಪಾಯ ಕಡಿಮೆ. ತುಮಕೂರು ಕಳೆದು ಚಿಕ್ಕನಾಯಕನಹಳ್ಳಿ, ಹುಳಿಯಾರುಗಳ ಮಾರ್ಗವಾಗಿ ಶ್ರೀರಾಂಪುರದತ್ತ ತಿರುಗಿದರೆ ಚಿತ್ರ ಬದಲಾಗುತ್ತದೆ. ಇಕ್ಕೆಲಗಳಲ್ಲಿ ತೆಂಗು ಅಡಕೆಗಳ ತೋಟ, ರಾಗಿಯ ಹೊಲ, ಊರೂರಿಗೂ ಉಬ್ಬುಗಳು. ಇಲ್ಲಿ ತಗ್ಗು ಮೈಯ ಕಾರಿನ ದೋಷ ಹೊರಬೀಳುತ್ತದೆ. ಹಿಂದೆ ಮೂವರು ಕುಳಿತು, ಡಿಕ್ಕಿಯಲ್ಲಿ ತೆಂಗಿನಕಾಯಿಯ ಮೂಟೆಯಿದ್ದರೆ ಹಳೆಯ ಸಿಟಿಯ ಹೊಟ್ಟೆ ಪ್ರತಿಯೊಂದು ರಸ್ತೆಯುಬ್ಬಿಗೂ ನಮಸ್ಕಾರ ಮಾಡುತ್ತದೆ. ತೋಟದೊಳಗಿನ ಬಂಡಿಜಾಡಿನಲ್ಲಿ ಅದನ್ನು ಇಳಿಸಲೇಬಾರದು. ಮನೆಯ ಮುಂದೆ ನಿಲ್ಲಿಸಿ ತೋಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದೇ ಜಾಣತನ. ಈ ಕಾರಣಕ್ಕಾಗಿ ಮಾರುತಿ ಝೆನ್‌ನಂತಹ ಇನ್ನೂ ಚಿಕ್ಕ ಕಾರು ಹಳ್ಳಿಯ ದಾರಿಗೆ ಮೇಲೆಂದು ಹೇಳುವವರೂ ಉಂಟು. 993 ಸಿ.ಸಿ. ಗಾತ್ರದ ಅಲ್ಯೂಮಿನಿಯಂ ಎಂಜಿನಿನ ಝೆನ್ 1993ರಲ್ಲಿ ಬಂದು 2006ರವರೆಗೆ ನಡೆಯಿತು. ಶಕ್ತಿ ಕಡಿಮೆಯಾದರೂ ಚುರುಕಿನಲ್ಲಿ ಅದೂ ಒಳ್ಳೆಯ ಮಿತ್ರನೇ.

ವಯಸ್ಸು ಕೇಳುವ ತೆರಿಗೆ

ಹಳೆಯ ಕಾರಿನ ಬೆಲೆಯೆಂದರೆ ಕೊಳ್ಳುವ ದಿನ ಕೊಡುವ ಹಣವಷ್ಟೇ ಅಲ್ಲ. ಅದು ಬಹುಶಃ ಅತ್ಯಂತ ಚಿಕ್ಕ ಭಾಗ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷಗಳ ಆಯುಷ್ಯ. ಅನಂತರ ತಪಾಸಣೆಗೆ ಒಪ್ಪಿಸಿ, ಯೋಗ್ಯವೆನಿಸಿದರೆ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. 2003ರಲ್ಲಿ ನೋಂದಣಿಯಾದ ಕಾರಿಗೆ 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ನವೀಕರಣ ಆಗಿರಬೇಕು, ಮುಂದಿನದು 2028ರಲ್ಲಿ. ಈ ಶುಲ್ಕ 600 ರೂಪಾಯಿಯಿದ್ದದ್ದು 2022ರ ಏಪ್ರಿಲಿನಿಂದ 5000 ರೂಪಾಯಿಯಾಯಿತು. ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಅದನ್ನು 10,000 ರೂಪಾಯಿಗೆ ಏರಿಸಲಾಯಿತು. ಹಳೆಯ ಸಿಟಿಗಳೆಲ್ಲವೂ ಈಗ ಈ ಇಪ್ಪತ್ತರ ಗೆರೆಯನ್ನು ದಾಟಿವೆ. ಇದರ ಜೊತೆಗೆ ರಾಜ್ಯದ ಹಸಿರು ತೆರಿಗೆಯೂ ಉಂಟು. ಮಾರುವವನ ಕೈಯಲ್ಲಿರುವ ನೋಂದಣಿ ಪತ್ರದ ಅವಧಿ ಮುಗಿಯಲು ಇನ್ನೆಷ್ಟು ತಿಂಗಳಿದೆ ಎಂಬುದನ್ನು ಬೆಲೆ ಕುದುರಿಸುವ ಮೊದಲೇ ನೋಡಬೇಕು. ಅಗ್ಗವಾಗಿ ದೊರೆಯುವ ಎಷ್ಟೋ ಕಾರುಗಳ ಅಗ್ಗದ ಗುಟ್ಟು ಅಲ್ಲಿಯೇ ಅಡಗಿರುತ್ತದೆ.

ಎರಡನೆಯದು ಇಂಧನ. 2025ರ ವೇಳೆಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಯತೊಡಗಿತು. ಇಪ್ಪತ್ತೈದು ವರ್ಷಗಳ ಹಿಂದಿನ ಕಾರಿನ ರಬ್ಬರು ಕೊಳವೆ, ವಾಷರುಗಳನ್ನು ಇದನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಎಥನಾಲಿಗೆ ನೀರನ್ನು ಹೀರುವ ಗುಣವಿದೆ. ಪೆಟ್ರೋಲಿಗಿಂತ ಕಸುವೂ ಕಡಿಮೆ. ಆದುದರಿಂದ ಇಂಧನದ ಕೊಳವೆಗಳನ್ನು ಹೊಸದಾಗಿ ಹಾಕಿಸುವುದು, ಬಹುದಿನ ಓಡಿಸದೆ ಟ್ಯಾಂಕಿನಲ್ಲಿ ಪೆಟ್ರೋಲನ್ನು ಕೊಳೆಯಲು ಬಿಡದಿರುವುದು ಒಳ್ಳೆಯದು. ದಿನನಿತ್ಯ ಓಡುವ ಕಾರು ಈ ವಿಷಯದಲ್ಲಿ ಮನೆಯಲ್ಲಿ ಹೊದಿಸಿಟ್ಟ ಕಾರಿಗಿಂತ ಸುಖಿ.

ಮೂರನೆಯದು ಬಿಡಿಭಾಗ. ಎಂಜಿನಿಗೆ ಬೇಕಾದ ಸಾಮಾನ್ಯ ವಸ್ತುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ಅಲ್ಲಿ ಸಿಗದ್ದಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಆದರೆ ಮೈಯ ಭಾಗಗಳು, ಅಂದರೆ ದೀಪದ ಗಾಜು, ಬಂಪರು, ಬಾಗಿಲಿನ ಅಂಚಿನ ರಬ್ಬರು ಮೊದಲಾದವು ಉತ್ಪಾದನೆ ನಿಂತ ಕಾರಿಗೆ ದಿನೇ ದಿನೇ ದುರ್ಲಭವಾಗುತ್ತವೆ. ಎಂಜಿನು ಕೆಟ್ಟ ಒಳ್ಳೆಯ ಮೈಯ ಕಾರನ್ನು ಉಳಿಸಬಹುದು; ಮೈ ಕೊಳೆತ ಒಳ್ಳೆಯ ಎಂಜಿನಿನ ಕಾರನ್ನು ಉಳಿಸಲಾಗದು.

ಕೊಳ್ಳುವ ಮುನ್ನ

ಹೆಣ್ಣು ನೋಡಲು ಹೋದವರು ಮನೆಯ ಬಾವಿಕಟ್ಟೆಯನ್ನೂ ನೋಡಿ ಬರುತ್ತಿದ್ದರಂತೆ. ಹಳೆಯ ಕಾರನ್ನು ನೋಡಲು ಹೋಗುವವರಿಗೂ ಅಂತಹ ಓರೆಗಣ್ಣು ಅವಶ್ಯ.

ಬೆಳಿಗ್ಗೆಯೇ ಹೋಗಬೇಕು, ಎಂಜಿನು ತಣ್ಣಗಿರುವಾಗ ಚಾಲೂ ಮಾಡಿಸಬೇಕು. ಮೊದಲೇ ಬಿಸಿಮಾಡಿಟ್ಟಿದ್ದರೆ ಮಾರುವವನು ಏನನ್ನೋ ಮರೆಸುತ್ತಿದ್ದಾನೆಂದು ತಿಳಿಯಬೇಕು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಎಂಜಿನು ಎಣ್ಣೆಯನ್ನು ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿಯ ಹಬೆ ನಿಲ್ಲದಿದ್ದರೆ ತಂಪಿನ ನೀರು ಎಂಜಿನಿನೊಳಕ್ಕೆ ಸೋರುತ್ತಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ವ್ಯರ್ಥವಾಗಿ ಉರಿಯುತ್ತಿದೆ.

ಹಳೆಯ ಸಿಟಿಯ ಕವಾಟಗಳನ್ನು ನಡೆಸುವುದು ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿ. ಇದು ಓಡುವಾಗ ಹರಿದರೆ ಎಂಜಿನಿನ ಒಳಗಿನ ಭಾಗಗಳಿಗೂ ಪೆಟ್ಟು ಬಿದ್ದೀತು. ಬದಲಾಯಿಸಿದ ರಸೀದಿಯಿಲ್ಲದಿದ್ದರೆ ಕೊಂಡ ದಿನವೇ ಬದಲಾಯಿಸುವುದು ಲೇಸು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮೆಲ್ಲಗೆ ಓಡಿಸಿದಾಗ ಚಕ್ರದ ಬಳಿ ಟಕ್ ಟಕ್ ಸದ್ದಾದರೆ ಶಕ್ತಿಯನ್ನು ಸಾಗಿಸುವ ದಂಡದ ಕೀಲು ಸವೆದಿದೆ. ಡಿಕ್ಕಿಯ ಚಾಪೆಯನ್ನೆತ್ತಿ ಹೆಚ್ಚುವರಿ ಚಕ್ರದ ಗುಂಡಿಯನ್ನೂ, ಬಾಗಿಲುಗಳ ಕೆಳಗಿನ ಅಂಚನ್ನೂ ತುಕ್ಕಿಗಾಗಿ ನೋಡಬೇಕು. ಚಿಕ್ಕ ಅಯಸ್ಕಾಂತವೊಂದು ಜೇಬಿನಲ್ಲಿರಲಿ. ಅದು ತಗಡಿಗೆ ಅಂಟದ ಕಡೆ ಬಣ್ಣದಡಿಯಲ್ಲಿ ಮೆತ್ತಿದ ಲೇಪವಿದೆ; ಲೇಪದ ಹಿಂದೆ ಒಂದು ಅಪಘಾತವಿದೆ.

ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. ಉದಾಹರಣೆಗೆ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಸವೆಯದಿದ್ದರೂ ರಬ್ಬರಿಗೆ ಮುಪ್ಪು ತಪ್ಪದು. ಅಂತಹ ಟೈರನ್ನು ನಂಬಿ ಹೆದ್ದಾರಿಗೆ ಹೋಗಬಾರದು. ನೋಂದಣಿ ಪತ್ರದ ಚಾಸಿ ಮತ್ತು ಎಂಜಿನು ಸಂಖ್ಯೆಗಳನ್ನು ಕಾರಿನ ಮೇಲಿನವುಗಳೊಡನೆ ಸ್ವತಃ ಹೋಲಿಸಿ ನೋಡಬೇಕು. ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗದೆ ಪೂರ್ತಿ ಹಣ ಕೈ ಬದಲಾಗಬಾರದು.

ಎಲ್ಲಕ್ಕಿಂತ ಮುಖ್ಯವಾದ ಸೂತ್ರವೊಂದಿದೆ: ಮಗ ಓಡಿಸಿದ ಕಾರನ್ನಲ್ಲ, ತಂದೆ ಓಡಿಸಿದ ಕಾರನ್ನು ಕೊಳ್ಳಬೇಕು. ಚುರುಕು ಕಾರುಗಳ ದೊಡ್ಡ ಶತ್ರು ಅವುಗಳ ಅಭಿಮಾನಿಗಳೇ. ಸ್ಪ್ರಿಂಗು ಕತ್ತರಿಸಿ ಇನ್ನೂ ತಗ್ಗಿಸಿದ, ಸೈಲೆನ್ಸರು ಬದಲಾಯಿಸಿ ಗುಡುಗುವಂತೆ ಮಾಡಿದ, ಅಗಲದ ಚಕ್ರ ತೊಡಿಸಿದ ಕಾರುಗಳಿಂದ ದೂರವಿರುವುದು ಕ್ಷೇಮ. ಅವು ಬಾಳಿಕೆ ಬರುವುದಿಲ್ಲವೆಂಬುದಷ್ಟೇ ಅಲ್ಲ, ಕಾನೂನಿಗೂ ಒಪ್ಪುವುದಿಲ್ಲ. ತಯಾರಕರ ಮೂಲ ವಿವರಗಳನ್ನು ಮೀರಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನವೀಕರಣದ ತಪಾಸಣೆಯಲ್ಲಿ ಇಂತಹ ಕಾರು ಸಿಕ್ಕಿಬೀಳುತ್ತದೆ.

ಮರೆಯಬಾರದ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಸತ್ಯವನ್ನು ಹೇಳದೆ ಬಿಡುವುದು ಅಧರ್ಮ. ಆ ಕಾಲದ ಕಾರುಗಳು ಹಗುರವಾಗಿದ್ದುದಕ್ಕೆ ಒಂದು ಕಾರಣ ಅವುಗಳಲ್ಲಿ ಇಲ್ಲದ ವಸ್ತುಗಳು. ಅಪಘಾತದಲ್ಲಿ ಎದೆಗೂ ತಲೆಗೂ ಆಸರೆಯಾಗುವ ಗಾಳಿಚೀಲ, ಚಕ್ರ ಜಾಮಾಗದಂತೆ ಕಾಯುವ ಎ.ಬಿ.ಎಸ್. ಬ್ರೇಕು ಇವು ಆಗಿನ ಬಹುತೇಕ ಕಾರುಗಳಲ್ಲಿರಲಿಲ್ಲ. ನಮ್ಮ ದೇಶದ ಹೊಸ ಕಾರುಗಳಲ್ಲಿ ಎ.ಬಿ.ಎಸ್. ಮತ್ತು ಚಾಲಕನ ಗಾಳಿಚೀಲ ಕಡ್ಡಾಯವಾದದ್ದು 2019ರಲ್ಲಿ. ಹಳೆಯ ಚುರುಕು ಕಾರಿಗೆ ಇಂದಿನ ಕಾರಿನ ವೇಗವಿದೆ, ಇಂದಿನ ಕಾರಿನ ಕವಚವಿಲ್ಲ. ಹಿಂದಿನ ಆಸನದಲ್ಲಿ ಮಕ್ಕಳು, ಮುಂದೆ ರಾತ್ರಿಯ ಹೆದ್ದಾರಿ, ಎದುರಿಗೆ ದೀಪವಿಲ್ಲದೆ ನಿಂತ ಕಬ್ಬಿಣದ ಟ್ರೇಲರು. ಈ ಕೂಟದಲ್ಲಿ 106 ಅಶ್ವಶಕ್ತಿ ಯಾವ ನೆರವಿಗೂ ಬಾರದು.

ಆದುದರಿಂದ ಮೂರು ಪಕ್ಷಗಳ ನಡುವೆ ರಾಜಿಯಾಗಬೇಕಾದದ್ದು ಹೀಗೆ. ಮನೆಗೆ ಇದೊಂದೇ ಕಾರಾಗಿ, ಎಳೆಯ ಮಕ್ಕಳಿದ್ದು, ರಾತ್ರಿ ಪ್ರಯಾಣ ಅನಿವಾರ್ಯವಾಗಿದ್ದರೆ ತಾಯಿಯ ಮಾತೇ ಸರಿ; ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಗಾಳಿಚೀಲವುಳ್ಳ ಹೊಸತನದ ಕಾರನ್ನು ಹುಡುಕಬೇಕು. ಓಡಿಸುವವರು ಒಬ್ಬಿಬ್ಬರೇ ಆಗಿ, ಕಚೇರಿಯ ಓಡಾಟವೇ ಹೆಚ್ಚಾಗಿ, ಊರಿನ ಪ್ರಯಾಣವನ್ನು ಹಗಲಿಗೆ ಇಟ್ಟುಕೊಳ್ಳಬಲ್ಲವರಾದರೆ ಮಗನ ಮಾತಿಗೂ ಕಿವಿಗೊಡಬಹುದು. ಆದರೆ ಕಾರಿನ ಬೆಲೆಯಷ್ಟೇ ಇನ್ನೊಂದು ಮೊತ್ತವನ್ನು ಮೊದಲ ವರ್ಷದ ದುರಸ್ತಿಗೆಂದು ತೆಗೆದಿಟ್ಟಿರಬೇಕು. ಹಿಂದಿನ ಆಸನದ ಬೆಲ್ಟುಗಳು ಸರಿಯಿವೆಯೇ ಎಂದು ನೋಡಿ, ಕುಳಿತವರೆಲ್ಲರೂ ಅದನ್ನು ಬಿಗಿದುಕೊಳ್ಳಬೇಕು. ಬ್ರೇಕು, ಟೈರು, ದೀಪ ಈ ಮೂರರಲ್ಲಿ ಲೋಭ ಮಾಡಕೂಡದು. ಇದು ತಂದೆಯ ಪಕ್ಷದವರು ಒಡ್ಡಬೇಕಾದ ಷರತ್ತು.

ಹೀಗೆ ಅರಿತು ಕೊಂಡವನಿಗೆ ಹಳೆಯ ಜಪಾನೀ ಕಾರು ಒಂದು ಪಾಠವನ್ನೂ ಕಲಿಸುತ್ತದೆ. ಬಹುಕಾಲ ನಿಂತ ಯಂತ್ರಗಳು ಭಾರದಿಂದಲ್ಲ, ಅಚ್ಚುಕಟ್ಟಿನಿಂದ ನಿಂತಿವೆ. ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ, ಸಣ್ಣ ಸದ್ದಿಗೂ ಕಿವಿಗೊಟ್ಟು, ಮೆಲ್ಲಗೆ ಓಡಬೇಕಾದಲ್ಲಿ ಮೆಲ್ಲಗೆ ಓಡಿಸುವವನ ಕೈಯಲ್ಲಿ ಅದು ಇನ್ನೂ ಹಲವು ವರ್ಷ ಶ್ರೀರಾಂಪುರದ ತೆಂಗಿನಕಾಯಿಯನ್ನು ಬೆಂಗಳೂರಿಗೆ ಹೊತ್ತು ತಂದೀತು. ಕುದುರೆಯ ಓಟ ಅದರ ಕಾಲಿನಲ್ಲಿದ್ದರೂ ಆಯುಷ್ಯ ಇರುವುದು ಸವಾರನ ಲಗಾಮಿನಲ್ಲಿ.